ಜಾವಾದ ಜ್ವಾಲಾಮುಖಿಗಳ ನಡುವೆ ಕುಟುಂಬ ಪ್ರವಾಸ: ಬಿಡುವಿನ ದಿನ ಏಕೆ ಬೇಕು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಕುಟುಂಬಗಳಿಗೆ ಹೊರದೇಶದ ಪ್ರವಾಸಗಳನ್ನು ಯೋಜಿಸಿಕೊಟ್ಟು, ಅವರ ಜೊತೆಗೇ ಹೋಗಿಬರುವುದು ನನ್ನ ವೃತ್ತಿ. ಈಚೆಗೆ ಇಂಡೋನೇಷ್ಯಾದ ಜಾವಾ ದ್ವೀಪದ ಜ್ವಾಲಾಮುಖಿಗಳನ್ನು ನೋಡಬೇಕೆಂದು ಬರುವವರು ಹೆಚ್ಚಾಗಿದ್ದಾರೆ. ಬಂದವರ ಕೈಯಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಕಾರ್ಯಕ್ರಮ ಇರುತ್ತದೆ: ಸುರಬಾಯಾದಲ್ಲಿ ವಿಮಾನ ಇಳಿದು ಅದೇ ದಿನ ಬ್ರೊಮೊ ಬೆಟ್ಟದ ಬಳಿಗೆ ಹೋಗುವುದು, ನಡುರಾತ್ರಿ ಎದ್ದು ಸೂರ್ಯೋದಯ ನೋಡುವುದು, ಅಲ್ಲಿಂದ ಐದಾರು ಗಂಟೆ ಕಾರಿನಲ್ಲಿ ಕುಳಿತು ಇಜೆನ್ ಎಂಬ ಇನ್ನೊಂದು ಜ್ವಾಲಾಮುಖಿಯನ್ನು ತಲುಪುವುದು, ಮರುದಿನ ಮತ್ತೆ ನಡುರಾತ್ರಿ ಎದ್ದು ಬೆಟ್ಟ ಹತ್ತಿ ಇಳಿದು ಮಧ್ಯಾಹ್ನದ ಹಡಗಿನಲ್ಲಿ ಬಾಲಿಗೆ ದಾಟುವುದು. ಮೂರು ಹಗಲು, ಎರಡು ರಾತ್ರಿ. ಇಪ್ಪತ್ತೈದರ ಹರೆಯದವರಿಗೆ ಇದು ನಡೆಯುತ್ತದೆ. ಅರವತ್ತು ದಾಟಿದ ತಂದೆತಾಯಿ ಮತ್ತು ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಇದನ್ನು ನಾನು ಒಪ್ಪುವುದಿಲ್ಲ. ಖಾಸಗಿ ಪ್ರವಾಸಕ್ಕೆ ಹೆಚ್ಚು ಹಣ ಕೊಡುವುದು ಒಳ್ಳೆಯ ಕಾರು ಮತ್ತು ಹೋಟೆಲಿಗಾಗಿ ಎಂದು ಹಲವರು ತಿಳಿದಿದ್ದಾರೆ. ಆದರೆ ಜ್ವಾಲಾಮುಖಿಗಳ ನಾಡಿನಲ್ಲಿ ಆ ಹಣದಿಂದ ದೊರೆಯುವ ಮುಖ್ಯ ಅನುಕೂಲವೆಂದರೆ ಒಂದು ದಿನ ಕಾಯಲು, ದಾರಿ ಬದಲಿಸಲು, ಬೇಡವೆನಿಸಿದಾಗ ಹತ್ತದೆಯೇ ಹಿಂದಿರುಗಲು ಇರುವ ಅವಕಾಶ. ಆ ಅವಕಾಶಕ್ಕೆ ಕಾರ್ಯಕ್ರಮದಲ್ಲಿ ಜಾಗವೇ ಇಲ್ಲದಿದ್ದರೆ ಖಾಸಗಿ ಎಂಬ ಮಾತಿಗೆ ಅರ್ಥವಿಲ್ಲ.

ಬೆಟ್ಟ ಹೇಗೆ ವರ್ತಿಸುತ್ತದೆ ಎಂಬುದನ್ನು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. ಜಾವಾದ ದಕ್ಷಿಣಕ್ಕೆ, ಸಮುದ್ರದ ತಳದಲ್ಲಿ, ಆಸ್ಟ್ರೇಲಿಯಾವನ್ನು ಹೊತ್ತ ಭೂಫಲಕವು ವರ್ಷಕ್ಕೆ ಆರೇಳು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತ ದ್ವೀಪದ ಅಡಿಗೆ ಇಳಿಯುತ್ತಿದೆ. ಸುಮಾರು ನೂರು ಕಿಲೋಮೀಟರ್ ಆಳಕ್ಕೆ ಹೋದಾಗ ಆ ಫಲಕದ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರು ಹೊರಬಿದ್ದು ಮೇಲಿನ ಬಿಸಿಶಿಲೆಗೆ ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಶಾಖಕ್ಕೇ ಕರಗುತ್ತದೆ. ಹೀಗೆ ಹುಟ್ಟುವ ಶಿಲಾಪಾಕ ಅಂಟಾಗಿರುತ್ತದೆ, ಅದರಲ್ಲಿ ಅನಿಲ ತುಂಬಿರುತ್ತದೆ. ಅನಿಲಕ್ಕೆ ಸಲೀಸಾಗಿ ಹೊರಬರಲು ದಾರಿ ಸಿಗದಿದ್ದಾಗ ಬೆಟ್ಟ ಸಿಡಿಯುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಗಳಲ್ಲಿ ಕಾಣುವ ಕಪ್ಪು ಬಸಾಲ್ಟ್ ಶಿಲೆಯೂ ಜ್ವಾಲಾಮುಖಿಯಿಂದ ಬಂದದ್ದೇ, ಆದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ತೆಳುವಾದ ಲಾವಾ ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹರಡಿಕೊಂಡು ಆದದ್ದು. ಜಾವಾದ ಬೆಟ್ಟಗಳ ಸ್ವಭಾವ ಬೇರೆ.

ಹೊರಡುವ ಮುನ್ನ, ಸಾಧ್ಯವಾದರೆ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿಬನ್ನಿ ಎಂದು ನಾನು ಕುಟುಂಬಗಳಿಗೆ ಹೇಳುತ್ತೇನೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಆ ಕಂಬಗಳಾದವು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಹರಿದು ದಿಂಬುಗಳ ಆಕಾರದಲ್ಲಿ ಗಟ್ಟಿಯಾದ ಲಾವಾ ಸುಮಾರು 250 ಕೋಟಿ ವರ್ಷ ಹಳೆಯದು. ತಣಿದ ಲಾವಾವನ್ನು ಕೈಯಿಂದ ಮುಟ್ಟಿ ಬಂದವರು ಜಾವಾದಲ್ಲಿ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ನಾನು ಹಾಕಿಕೊಡುವ ದಾರಿ ಯೋಗ್ಯಕರ್ತಾದಿಂದ ತೊಡಗುತ್ತದೆ. ಅಲ್ಲಿನ ಮೊದಲ ಎರಡು ರಾತ್ರಿ ದೇಹಕ್ಕೆ ವಿಶ್ರಾಂತಿ ಸಿಗುತ್ತದೆ, ಕಣ್ಣಿಗೆ ಪರಿಚಯವೂ ಆಗುತ್ತದೆ. ಪ್ರಾಂಬಾನನ್‌ನ 47 ಮೀಟರ್ ಎತ್ತರದ ಶಿವಾಲಯವನ್ನೂ ಬೊರೊಬುದುರ್ ಸ್ತೂಪವನ್ನೂ 8-9ನೆಯ ಶತಮಾನಗಳಲ್ಲಿ ಕಟ್ಟಿದ್ದು ಜ್ವಾಲಾಮುಖಿಗಳು ಕೊಟ್ಟ ಆಂಡಿಸೈಟ್ ಕಲ್ಲಿನಲ್ಲಿ. ಸೂಕ್ಷ್ಮರಂಧ್ರಗಳುಳ್ಳ, ಬೂದುಬಣ್ಣದ ಆ ಕಲ್ಲಿನಲ್ಲಿ ಕೆತ್ತಿದ ರಾಮಾಯಣದ ಸಾಲುಗಳ ಮುಂದೆ ನಿಂತಾಗ, ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ನುಣುಪನ್ನು ಬಲ್ಲ ನಮ್ಮವರಿಗೆ ಕಲ್ಲು ಬದಲಾದಂತೆ ಉಳಿಯ ಕೆಲಸವೂ ಹೇಗೆ ಬದಲಾಗಿದೆ ಎಂಬುದು ಯಾರೂ ಹೇಳಿಕೊಡದೆಯೇ ಕಾಣುತ್ತದೆ.

ಅದೇ ಊರಿನ ಉತ್ತರಕ್ಕೆ ಮೆರಾಪಿ ಇದೆ. 2010ರ ಸ್ಫೋಟದಲ್ಲಿ ಅಲ್ಲಿ 350ಕ್ಕೂ ಹೆಚ್ಚು ಜನ ತೀರಿಕೊಂಡರು. ಬೊರೊಬುದುರ್‌ನ ಮೇಲೆ ಬಿದ್ದ ಬೂದಿಯನ್ನು ತೆಗೆಯಲು ಸ್ಮಾರಕವನ್ನೇ ಮುಚ್ಚಬೇಕಾಯಿತು. ಬೆಟ್ಟದ ಪಾಲಕರೆಂದು ಯೋಗ್ಯಕರ್ತಾದ ಸುಲ್ತಾನರಿಂದ ನೇಮಕಗೊಂಡಿದ್ದ ಹಿರಿಯ ಮರಿಜಾನ್ ಅವರು ತಮ್ಮ ಹಳ್ಳಿಯನ್ನು ಬಿಟ್ಟು ಬರಲು ಒಪ್ಪದೆ ಆ ಅಕ್ಟೋಬರಿನಲ್ಲಿ ಬಿಸಿ ಬೂದಿಯ ಪ್ರವಾಹಕ್ಕೆ ಸಿಕ್ಕು ತೀರಿಕೊಂಡರು. ಆ ಪ್ರವಾಹ ಲಾವಾದಂತೆ ನಿಧಾನವಾಗಿ ಹರಿಯುವುದಿಲ್ಲ. ನೂರಾರು ಡಿಗ್ರಿ ಶಾಖದ ಅನಿಲ, ಬೂದಿ, ಕಲ್ಲುಗಳು ಒಟ್ಟಾಗಿ ಯಾವ ವಾಹನವೂ ತಪ್ಪಿಸಿಕೊಳ್ಳಲಾಗದ ವೇಗದಲ್ಲಿ ಕಣಿವೆಗಳಗುಂಟ ಇಳಿಯುತ್ತವೆ. 2020ರ ನವೆಂಬರ್‌ನಲ್ಲಿ ಮೆರಾಪಿಯ ಎಚ್ಚರಿಕೆಯನ್ನು ನಾಲ್ಕರಲ್ಲಿ ಮೂರನೆಯ ಹಂತಕ್ಕೆ ಏರಿಸಿದರು. ಆದ್ದರಿಂದ ನಾನು ಅದನ್ನು ಕೆಳಗಿನ ಹಳ್ಳಿಗಳಿಂದ ಮಾತ್ರ ತೋರಿಸುತ್ತೇನೆ. ಮುಂದಿನ ದಿನಗಳಲ್ಲಿ ಮಾರ್ಗದರ್ಶಿಯು ಹತ್ತುವುದು ಬೇಡ ಎಂದಾಗ ಅದನ್ನು ಏಕೆ ಒಪ್ಪಬೇಕೆಂಬುದು ಅತಿಥಿಗಳಿಗೆ ಇಲ್ಲಿಯೇ ಮನದಟ್ಟಾಗಬೇಕು.

ಇಂಡೋನೇಷ್ಯಾದ ಜ್ವಾಲಾಮುಖಿ ನಿಗಾ ಸಂಸ್ಥೆಯ ಎಚ್ಚರಿಕೆಗೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತಗಳಿವೆ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್. ದೇಶದ 127 ಸಕ್ರಿಯ ಜ್ವಾಲಾಮುಖಿಗಳ ಪೈಕಿ ನಿಗಾದಲ್ಲಿರುವವುಗಳ ಸ್ಥಿತಿಯನ್ನು ಈ ಹಂತಗಳಲ್ಲಿ ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. ಪ್ರವಾಸ ಒಪ್ಪಂದದಲ್ಲಿ ಹಂತ ಏರಿದರೆ ಏನಾಗುತ್ತದೆ, ಬದಲಿ ಸ್ಥಳ ಯಾವುದು, ಎಷ್ಟು ಹಣ ಮರಳುತ್ತದೆ ಎಂಬುದನ್ನು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ಯೋಗ್ಯಕರ್ತಾದಿಂದ ಸುರಬಾಯಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಯ ಪಯಣ, ಅಲ್ಲಿಂದ ಬ್ರೊಮೊಗೆ ಮೂರು ನಾಲ್ಕು ಗಂಟೆಯ ದಾರಿ. ಬ್ರೊಮೊದಲ್ಲಿ ಎರಡು ರಾತ್ರಿ ಬೇಕೇ ಬೇಕು. 2,329 ಮೀಟರ್ ಎತ್ತರದ ಈ ಬೆಟ್ಟ ಒಂಟಿಯಾಗಿ ನಿಂತಿಲ್ಲ. ಹಿಂದೊಂದು ಕಾಲದ ದೊಡ್ಡ ಜ್ವಾಲಾಮುಖಿ ತನ್ನ ಒಡಲನ್ನು ಬರಿದು ಮಾಡಿಕೊಂಡು ಕುಸಿದಾಗ ಉಂಟಾದ ವಿಶಾಲವಾದ ಬೋಗುಣಿಯೊಳಗೆ, ಕಪ್ಪು ಮರಳಿನ ಬಯಲಿನ ನಡುವೆ ಹುಟ್ಟಿಕೊಂಡಿದೆ. ಪಕ್ಕದ ಬಾತೊಕ್ ಬೆಟ್ಟದ ಮೈಮೇಲೆ ಮಳೆನೀರು ಕೊರೆದ ಉದ್ದುದ್ದ ಸಾಲುಗಳಿದ್ದು ಅವುಗಳಲ್ಲಿ ಹಸಿರು ಬೆಳೆದಿದೆ. ಬ್ರೊಮೊ ಮೇಲಿಂದ ಮೇಲೆ ಬೂದಿ ಉಗುಳುವುದರಿಂದ ಬೋಳಾಗಿಯೇ ಇದೆ. ಅದರ ಹಿಂಬದಿಯಲ್ಲಿ ಜಾವಾದ ಅತಿ ಎತ್ತರದ ಬೆಟ್ಟ ಸೆಮೆರು, 3,676 ಮೀಟರ್, ಆಗಾಗ ಹೊಗೆಯ ಮುದ್ದೆಯೊಂದನ್ನು ಮೇಲಕ್ಕೆ ಬಿಡುತ್ತಿರುತ್ತದೆ. ಚಿತ್ರಗಳಲ್ಲಿ ಸುಂದರವಾಗಿ ಕಾಣುವ ಅದೇ ಸೆಮೆರು 2021ರ ಡಿಸೆಂಬರಿನಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಎಲ್ಲರೂ ಹೋಗುವ ಸೂರ್ಯೋದಯದ ತಾಣ ಪೆನಾಂಜಾಕನ್ ಸುಮಾರು 2,770 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಚಾದ್ರಿಯ ತುದಿ 1,343 ಮೀಟರ್ ಎಂಬುದನ್ನು ನೆನೆದರೆ ಅಲ್ಲಿನ ಚಳಿಯ ಅಂದಾಜು ಸಿಗುತ್ತದೆ. ಜುಲೈ ಆಗಸ್ಟ್ ತಿಂಗಳ ಕೆಲವು ಬೆಳಗುಗಳಲ್ಲಿ ಮರಳುಬಯಲಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮರಳುಬಯಲಿಗೆ ಸ್ಥಳೀಯರ ಜೀಪುಗಳಲ್ಲೇ ಹೋಗಬೇಕು. ಕೊಡಚಾದ್ರಿಯ ಜೀಪಿನಲ್ಲಿ ಕುಲುಕಿಸಿಕೊಂಡವರಿಗೆ ಆ ದಾರಿ ಹೊಸದೇನಲ್ಲ. ಮೊದಲ ಬೆಳಗು ಮೋಡ ಕವಿದಿದ್ದರೆ ಎರಡನೆಯದು ಉಳಿದಿರುತ್ತದೆ. ಮೊದಲನೆಯದೇ ತಿಳಿಯಾಗಿದ್ದರೆ ಎರಡನೆಯ ದಿನ ಹಿರಿಯರು ಮಲಗಿರಲಿ, ಉಳಿದವರು ಜೀಪುಗಳ ಗದ್ದಲ ತಗ್ಗಿದ ಮೇಲೆ ಬಯಲಿನಲ್ಲಿ ನಡೆದು ಪೋತೆನ್ ದೇವಾಲಯದ ಬಳಿ ಹೋಗಿ, ಸುಮಾರು 250 ಮೆಟ್ಟಿಲು ಹತ್ತಿ ಕುಳಿಯ ಅಂಚಿನ ಗಣಪತಿಯ ಮೂರ್ತಿಯನ್ನು ನೋಡಿಬರಲಿ. ಇಲ್ಲಿನ ತೆಂಗ್ಗರ್ ಜನ ಹಿಂದೂಗಳು. ಕಸದಾ ಹಬ್ಬದಲ್ಲಿ ಬೆಳೆದ ತರಕಾರಿ, ಕೋಳಿ, ಆಡುಗಳನ್ನು ಕುಳಿಗೆ ಅರ್ಪಿಸುತ್ತಾರೆ. ಆ ದಿನಗಳಲ್ಲಿ ಪ್ರವಾಸಿಗರಿಗೆ ಬೆಟ್ಟ ಮುಚ್ಚಿರಬಹುದು. ದಿನಾಂಕ ನೋಡಿಕೊಂಡೇ ಟಿಕೆಟ್ ತೆಗೆಸಬೇಕು.

ಮಲೆನಾಡಿನ ಕೃಷಿಕರನ್ನು ಕರೆದುಕೊಂಡು ಹೋದಾಗ ನಾನು ಹೆಚ್ಚು ಸಮಯ ಕೊಡುವುದು ತೆಂಗ್ಗರ್ ಇಳಿಜಾರಿನ ಹೊಲಗಳಿಗೆ. ನಿಲ್ಲಲೂ ಕಷ್ಟವಾಗುವಷ್ಟು ಕಡಿದಾದ ಬೆಟ್ಟದ ಮೈಯಲ್ಲಿ ಆಲೂಗಡ್ಡೆ, ಎಲೆಕೋಸು, ಈರುಳ್ಳಿ ಬೆಳೆದಿರುತ್ತಾರೆ. ತೀರ್ಥಹಳ್ಳಿಯ ಕಡೆಯ ಹಿರಿಯ ತೋಟಗಾರರೊಬ್ಬರು ಅಲ್ಲಿನ ಹಿಡಿ ಮಣ್ಣನ್ನು ಅಂಗೈಯಲ್ಲಿ ಪುಡಿಮಾಡಿ ನೋಡಿ, "ಇದಕ್ಕೆ ಸೊಪ್ಪು ಹಾಕುತ್ತಾರೇನು, ಕೇಳಿ ನೋಡಿ" ಎಂದರು. ಅದು ವಿಷಯದ ಬುಡಕ್ಕೇ ಕೈಹಾಕುವ ಪ್ರಶ್ನೆ. ನಮ್ಮ ನೆಲ ಬಹಳ ಹಳೆಯದು. ಲಕ್ಷಾಂತರ ವರ್ಷಗಳ ಮಳೆ ಅದರ ಸುಣ್ಣ, ಪೊಟ್ಯಾಶ್‌ಗಳನ್ನು ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮನ್ನು ಉಳಿಸಿದೆ. ಜಂಬಿಟ್ಟಿಗೆ ಆದದ್ದು ಹಾಗೆ. ಆದ್ದರಿಂದಲೇ ನಮ್ಮ ಹಿರಿಯರು ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ಜೊತೆಮಾಡಿಕೊಂಡು ವರ್ಷವರ್ಷವೂ ಸೊಪ್ಪು, ಗೊಬ್ಬರ ಹಾಕಿ ಆ ನಷ್ಟವನ್ನು ತುಂಬಿದರು. ಬ್ರೊಮೊದ ಸುತ್ತ ಬೂದಿ ಬಿದ್ದಾಗಲೆಲ್ಲ ಹೊಸ ಖನಿಜ ನೆಲಕ್ಕೆ ಬರುತ್ತದೆ. ಬಿದ್ದ ಹಂಗಾಮಿನಲ್ಲಿ ಬೆಳೆ ಹಾಳಾಗುತ್ತದೆ. ಬೂದಿ ಕರಗಿ ಮಣ್ಣಾದ ಮೇಲೆ ಅದೇ ಬೆಳೆಗೆ ಬಲ ಕೊಡುತ್ತದೆ. ಹಾಗೆಂದು ಅವರು ಗೊಬ್ಬರವಿಲ್ಲದೆ ಬೆಳೆಯುತ್ತಾರೆಂದಲ್ಲ, ಕೊಟ್ಟಿಗೆ ಗೊಬ್ಬರವನ್ನು ಹೊತ್ತು ಇಳಿಜಾರು ಹತ್ತುವವರನ್ನು ಅಲ್ಲಿ ಕಾಣಬಹುದು. ದುಭಾಷಿಯ ಮೂಲಕ ಇಬ್ಬರು ಕೃಷಿಕರು ಮಾತನಾಡಲು ಬಿಟ್ಟರೆ ಸೂರ್ಯೋದಯಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ಕಳೆಯುತ್ತದೆ. ಗುಂಪು ಪ್ರವಾಸದ ಬಸ್ಸು ಇಲ್ಲಿ ನಿಲ್ಲುವುದೇ ಇಲ್ಲ.

ಮುಂದಿನ ಎರಡು ರಾತ್ರಿ ಇಜೆನ್ ಪ್ರಸ್ಥಭೂಮಿಯ ಕಾಫಿ ತೋಟಗಳ ನಡುವೆ. ಇದೂ ಹಳೆಯ ಕುಸಿದ ಜ್ವಾಲಾಮುಖಿಯ ಒಳಭಾಗವೇ. ಸುಮಾರು 20 ಕಿಲೋಮೀಟರ್ ಅಗಲದ ಈ ಬೋಗುಣಿಯಲ್ಲಿ ಡಚ್ಚರ ಕಾಲದಿಂದ ಅರೇಬಿಕಾ ಬೆಳೆಯುತ್ತಿದ್ದಾರೆ. ಡಚ್ಚರು 17ನೆಯ ಶತಮಾನದ ಕೊನೆಯಲ್ಲಿ ಜಾವಾಕ್ಕೆ ಕಾಫಿ ಗಿಡಗಳನ್ನು ತಂದದ್ದು ಮಲಬಾರ್ ಕರಾವಳಿಯಿಂದ. ಬಾಬಾಬುಡನ್‌ಗಿರಿಯ ಕಥೆ ಕೇಳಿ ಬೆಳೆದವರಿಗೆ ಅಲ್ಲಿನ ಗಿಡಗಳು ದೂರದ ನೆಂಟರೇ. ಮೊದಲ ದಿನ ಇಲ್ಲಿ ಏನೂ ಹತ್ತುವುದಿಲ್ಲ. ಬ್ರೊಮೊದ ನಡುರಾತ್ರಿಯ ನಿದ್ದೆಗೇಡು ತೀರಲು ಆ ದಿನ ಬೇಕು. ಇಜೆನ್‌ನಲ್ಲಿ ಸುಸ್ತಾದ ಮನುಷ್ಯ ತಪ್ಪು ನಿರ್ಧಾರ ಮಾಡುತ್ತಾನೆ.

ಪಾಲ್ತುದಿಂಗ್ ಎಂಬಲ್ಲಿಂದ ಕುಳಿಯ ಅಂಚಿಗೆ 3 ಕಿಲೋಮೀಟರ್ ದಾರಿ, ಸುಮಾರು 500 ಮೀಟರ್ ಏರು. ಹತ್ತುವ ಮೊದಲು ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಬರಿಯ ಕಾಗದವೆಂದು ತಿಳಿಯದೆ ಊರಿನಲ್ಲಿಯೇ ನಿಮ್ಮ ವೈದ್ಯರನ್ನು ಕಂಡುಬನ್ನಿ. ಮೇಲೆ ಸುಮಾರು ಒಂದು ಕಿಲೋಮೀಟರ್ ಉದ್ದದ, ಹಸಿರುನೀಲಿಯ ಕೆರೆಯಿದೆ; ಅದರ ನೀರಿನ ಪಿಎಚ್ 1ಕ್ಕಿಂತ ಕಡಿಮೆ, ಎಂದರೆ ಅದು ಪ್ರಬಲ ಆಮ್ಲ. ಕೆರೆಯ ದಡದಲ್ಲಿ ಗಂಧಕದ ಅನಿಲವನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸುತ್ತಾರೆ. ಕೆಂಪಾಗಿ ತೊಟ್ಟಿಕ್ಕುವ ದ್ರವ ಆರಿ ಹಳದಿ ಗಟ್ಟಿಯಾಗುತ್ತದೆ. ಅದನ್ನು ಒಡೆದು, 70 ಕಿಲೋ ಮತ್ತು ಅದಕ್ಕೂ ಹೆಚ್ಚು ತೂಕವನ್ನು ಅಡ್ಡೆಯ ಎರಡು ಬುಟ್ಟಿಗಳಲ್ಲಿ ಹೊತ್ತು ಕಾರ್ಮಿಕರು ಕುಳಿಯಿಂದ ಮೇಲೇರುತ್ತಾರೆ. ಸಕ್ಕರೆಯನ್ನು ಬಿಳುಪು ಮಾಡಲು ಈ ಗಂಧಕ ಹೋಗುತ್ತದೆ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿಯೂ ಗಂಧಕದ ಬಳಕೆ ಇದೆ. ಅವರು ಬರುವಾಗ ದಾರಿಯ ಒಳಬದಿಗೆ ಸರಿದು ನಿಲ್ಲಬೇಕು, ಕೇಳದೆ ಚಿತ್ರ ತೆಗೆಯಬಾರದು. ಇದನ್ನು ಹಿಂದಿನ ಸಂಜೆಯೇ ಎಲ್ಲರಿಗೂ ಹೇಳಿರುತ್ತೇನೆ.

ಇರುಳಿನಲ್ಲಿ ಕಾಣುವ ನೀಲಿ ಜ್ವಾಲೆ ಲಾವಾ ಅಲ್ಲ, ಬಿರುಕಿನಿಂದ ಬರುವ ಗಂಧಕದ ಅನಿಲ ಗಾಳಿ ತಾಗಿ ಉರಿಯುವುದು. ಅದನ್ನು ಹತ್ತಿರದಿಂದ ನೋಡಲು ಕುಳಿಯೊಳಗೆ ಇಳಿಯಬೇಕು. ಹಿರಿಯರನ್ನೂ ಮಕ್ಕಳನ್ನೂ ಅಸ್ತಮಾ ಅಥವಾ ಹೃದಯದ ತೊಂದರೆ ಇರುವವರನ್ನೂ ನಾನು ಅಲ್ಲಿಗೆ ಇಳಿಸುವುದಿಲ್ಲ. ಬೆಳಕು ಹರಿದ ಮೇಲೆ ಅಂಚಿನಿಂದ ಕೆರೆಯನ್ನು ನೋಡಿದರೆ ಅವರಿಗೆ ಸಾಕು. ಆಸ್ಪತ್ರೆಯಲ್ಲಿ ಕೊಡುವ ಬಟ್ಟೆಯ ಮಾಸ್ಕ್ ಧೂಳನ್ನು ತಡೆದೀತು, ಸಲ್ಫರ್ ಡೈಆಕ್ಸೈಡನ್ನು ತಡೆಯುವುದಿಲ್ಲ. ಆಮ್ಲೀಯ ಅನಿಲಕ್ಕೆಂದೇ ಇರುವ ಶೋಧಕವುಳ್ಳ ಮುಖವಾಡ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರುತ್ತದೆಯೇ ಎಂದು ಕೆಳಗೇ ಪರೀಕ್ಷಿಸಬೇಕು. ಗಡ್ಡವಿದ್ದರೆ ಸಂದಿಯಲ್ಲಿ ಅನಿಲ ನುಸುಳುತ್ತದೆ. ಗಾಳಿ ತಿರುಗಿ ಹೊಗೆ ದಾರಿಯ ಕಡೆಗೆ ಬಂದರೆ ಸ್ಥಳೀಯ ಮಾರ್ಗದರ್ಶಿ ಹಿಂದಿರುಗಿ ಎನ್ನುತ್ತಾರೆ. ಆ ಮಾತೇ ಕೊನೆಯದು. ಹಣ ಕೊಟ್ಟವರು, ಜೊತೆಗೆ ಬಂದ ನಾನು, ಯಾರೂ ಅದರ ಮೇಲೆ ಚರ್ಚೆ ಮಾಡುವಂತಿಲ್ಲ.

ಊಟದ ವಿಷಯ ಚಿಕ್ಕದು, ಆದರೆ ನಮ್ಮ ಸಸ್ಯಾಹಾರಿಗಳಿಗೆ ಮುಖ್ಯ. ಅನ್ನ, ತೋಫು, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ಬೇಯಿಸಿದ ತರಕಾರಿ ಎಲ್ಲೆಡೆ ಸಿಗುತ್ತವೆ. ಆದರೆ ಅಲ್ಲಿನ ಸಾಂಬಾಲ್ ಚಟ್ನಿಯಲ್ಲಿ ತೆರಾಸಿ ಎಂಬ ಹುದುಗಿಸಿದ ಸಿಗಡಿಯ ಮುದ್ದೆ ಸೇರಿರುತ್ತದೆ. "ತಾನ್ಪಾ ತೆರಾಸಿ" ಎಂದು ಹೇಳಿದರೆ ಅದಿಲ್ಲದೆ ಕೊಡುತ್ತಾರೆ.

ಜಾವಾದಲ್ಲಿ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಒಣಹವೆ. ಜೂನ್ ನಂತರ ನಮ್ಮಲ್ಲಿ ಮಳೆ, ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ. ಮುಂದೆ ಅಡಿಕೆ ಕೊಯ್ಲು. ಆದ್ದರಿಂದ ಏಪ್ರಿಲ್ ಕೊನೆ ಮತ್ತು ಮೇ ಮೊದಲ ಎರಡು ವಾರ ಮಲೆನಾಡಿನವರಿಗೆ ತಕ್ಕ ಕಾಲ, ಮಕ್ಕಳಿಗೂ ರಜೆ.

ಮರಳುವ ವಿಮಾನದ ಹಿಂದಿನ ಒಂದು ದಿನವನ್ನು ಬರಿದಾಗಿ ಬಿಡಿ. 1982ರ ಜೂನ್‌ನಲ್ಲಿ ಪಶ್ಚಿಮ ಜಾವಾದ ಗಾಲುಂಗುಂಗ್ ಉಗುಳಿದ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನುಗಳು ನಿಂತವು. ಅವು ಮತ್ತೆ ಚಾಲೂ ಆಗಿ ವಿಮಾನ ಜಕಾರ್ತಾದಲ್ಲಿ ಇಳಿಯಿತು. ಎಂಜಿನಿನ ಶಾಖಕ್ಕೆ ಬೂದಿ ಕರಗಿ ಒಳಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಹಾಗಾಗಿ ಇಂದು ಬೂದಿ ಕಂಡರೆ ಹಾರಾಟವನ್ನೇ ರದ್ದುಮಾಡುತ್ತಾರೆ. 2024ರ ನವೆಂಬರಿನಲ್ಲಿ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದಾಗ ಬಾಲಿಯ ವಿಮಾನಗಳು ನಿಂತದ್ದು ಹೀಗೆಯೇ. ಪ್ರವಾಸ ವಿಮೆಯಲ್ಲಿ ಜ್ವಾಲಾಮುಖಿಯಿಂದಾಗುವ ರದ್ದತಿ ಸೇರಿದೆಯೇ ಎಂದು ಓದಿ ನೋಡಿ, ಮತ್ತು ವಿಮೆಯನ್ನು ಟಿಕೆಟಿನ ಜೊತೆಗೇ ಮಾಡಿಸಿ. ಸ್ಫೋಟದ ಸುದ್ದಿ ಬಂದ ಮೇಲೆ ಮಾಡಿಸಿದ ವಿಮೆಗೆ ಸಾಮಾನ್ಯವಾಗಿ ಆ ಸ್ಫೋಟದ ನಷ್ಟ ಸೇರುವುದಿಲ್ಲ.