ನವಾಹೋ ನಾಡಿನ ಕೆಂಪು ಬಂಡೆ: ಬುಡದಿಂದ ನೆತ್ತಿಯವರೆಗೆ

ಮಾನ್ಯುಮೆಂಟ್ ವ್ಯಾಲಿಗೆ ಹೋದವರೆಲ್ಲ ಮೊದಲು ತಲೆ ಎತ್ತಿ ನೋಡುತ್ತಾರೆ. ಸಹಜವೇ ಅಲ್ವಾ? ಅಮೆರಿಕದ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿ, ಬಟಾಬಯಲಿನ ನಡುವೆ, ಕೆಂಪು ಬಂಡೆಗಳು ಒಂದೊಂದೇ ನೆಟ್ಟಗೆ ನಿಂತಿವೆ. ಕೆಲವು 300 ಮೀಟರ್ ಎತ್ತರ ಇವೆ. ಆದರೆ ಗೈಡ್ ಜೊತೆ ತೆರೆದ ಟ್ರಕ್ಕಿನಲ್ಲಿ ಸುತ್ತುವ ಅವಕಾಶ ಸಿಕ್ಕರೆ ಮೊದಲು ಬಂಡೆಗಳ ಬುಡ ನೋಡಿ. ಅವು ಹಾಗೆ ನಿಂತಿರುವುದಕ್ಕೆ ಕಾರಣ ಅಲ್ಲಿದೆ.

ಇದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಸ್ವಂತ ನೆಲ. 1958ರಲ್ಲಿ ಅವರೇ ಇದನ್ನು ತಮ್ಮ ಬುಡಕಟ್ಟಿನ ಉದ್ಯಾನವಾಗಿ ಮಾಡಿಕೊಂಡರು. ಒಳಗೆ ಸುಮಾರು 27 ಕಿಲೋಮೀಟರಿನ ಮಣ್ಣಿನ ರಸ್ತೆ ಇದೆ. ಅದರಾಚೆಗಿನ ಬಿಗ್ ಹೋಗನ್, ಇಯರ್ ಆಫ್ ದಿ ವಿಂಡ್‌ನಂಥ ಜಾಗಗಳಿಗೆ ನವಾಹೋ ಗೈಡ್ ಇಲ್ಲದೆ ಹೋಗುವಂತಿಲ್ಲ. ಹಾಗಿರುವುದೇ ಸರಿ. ಕಣಿವೆಯಲ್ಲಿ ಇಂದಿಗೂ ಮನೆ ಮಾಡಿಕೊಂಡು ಬಾಳುತ್ತಿರುವ ಕುಟುಂಬಗಳಿವೆ.

ಟ್ರಕ್ ಹೊರಟರೆ ಸಾಕು, ಬಟ್ಟೆಗೆ, ಕೂದಲಿಗೆ, ಕ್ಯಾಮೆರಾಗೆ ಕೆಂಪು ಧೂಳು ಮೆತ್ತಿಕೊಳ್ಳುತ್ತದೆ. ಬಂಡೆಗಳ ಬುಡದಲ್ಲಿ ಸೀರೆಯ ನೆರಿಗೆ ಹರಡಿದಂತೆ ಕಾಣುವ ಇಳಿಜಾರಿನ ಬಣ್ಣವೂ ಇದೇ. ಆ ಪದರಕ್ಕೆ ಆರ್ಗನ್ ರಾಕ್ ಎಂದು ಹೆಸರು. ಬಹಳ ಹಿಂದೆ ನದಿಗಳು ಬಯಲಿನಲ್ಲಿ ಹರಡಿದ ಕೆಸರು ಗಟ್ಟಿಯಾಗಿ ಕಲ್ಲಾಯಿತು. ಕಲ್ಲಾದರೂ ಮೆತ್ತಗಿನ ಕಲ್ಲೇ. ಮಳೆ ಬಿದ್ದಾಗೆಲ್ಲ ಸ್ವಲ್ಪ ಸ್ವಲ್ಪವೇ ಕೊಚ್ಚಿಹೋಗುತ್ತದೆ.

ಅದರ ಮೇಲೆ ನೆಟ್ಟಗೆ ಗೋಡೆಯಾಗಿ ನಿಂತಿರುವುದು ಡಿ ಶೇ ಮರಳುಗಲ್ಲು. ಇದು ಗಟ್ಟಿ, ಆದರೆ ಉದ್ದಕ್ಕೂ ಲಂಬವಾದ ಬಿರುಕುಗಳಿವೆ. ಕೆಳಗಿನ ಮೆತ್ತನೆ ಪದರ ಸವೆದಾಗ ಗೋಡೆಗೆ ಆಸರೆ ತಪ್ಪುತ್ತದೆ. ಬಿರುಕು ಇದ್ದ ಕಡೆ ದೊಡ್ಡ ಹಲಗೆಯೊಂದು ಕಳಚಿ ಕೆಳಕ್ಕೆ ಬೀಳುತ್ತದೆ. ಬಿದ್ದ ಮೇಲೂ ಉಳಿದ ಗೋಡೆ ನೆಟ್ಟಗೇ ಇರುತ್ತದೆ, ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ ಅಷ್ಟೇ. ಮೇಸಾ, ಅಂದರೆ ನೆತ್ತಿ ಚಪ್ಪಟೆಯಾದ ಅಗಲವಾದ ಗುಡ್ಡ, ಹೀಗೆ ಸುತ್ತಲೂ ಸವೆದು, ಕೈಗವಸಿನಂತೆ ಕಾಣುವ ಇಲ್ಲಿನ ಮಿಟನ್ ಬಂಡೆಗಳಂತೆ ಕಿರಿದಾಗುತ್ತದೆ. ಇನ್ನೂ ಸವೆದರೆ ಟೋಟೆಮ್ ಪೋಲ್‌ನಂಥ ಒಂಟಿ ಕಂಬ. ಆಮೇಲೆ ಅದೂ ಇರುವುದಿಲ್ಲ. ಅಂದರೆ ಈ ಬಂಡೆಗಳು ನೆಲದಿಂದ ಒಂದೊಂದಾಗಿ ಎದ್ದು ಬಂದವಲ್ಲ. ಇಡೀ ಪ್ರಸ್ಥಭೂಮಿ ಮೇಲೇರಿತು, ಸುತ್ತಲಿನ ಕಲ್ಲೆಲ್ಲ ಕೊಚ್ಚಿಹೋಯಿತು, ಉಳಿದಿದ್ದು ಇಷ್ಟು.

ಟ್ರಕ್ ನಿಂತಾಗ ಇಳಿದು ಡಿ ಶೇ ಗೋಡೆಯ ಹತ್ತಿರ ಹೋಗಿ. ಕಲ್ಲಿನ ಮೈಮೇಲೆ ಓರೆಯಾದ ಸಣ್ಣ ಗೆರೆಗಳು ಒಂದರ ಪಕ್ಕ ಒಂದು ಸಾಗಿರುತ್ತವೆ. ಸುಮಾರು 28 ಕೋಟಿ ವರ್ಷಗಳ ಹಿಂದೆ ಇದು ಮರಳುಗಾಡು. ಭೂಮಿಯ ಖಂಡಗಳೆಲ್ಲ ಆಗ ಕೂಡಿಕೊಂಡಿದ್ದವು, ಈ ಜಾಗ ಸಮಭಾಜಕಕ್ಕೆ ಹತ್ತಿರವಿತ್ತು. ಗಾಳಿ ಮರಳನ್ನು ದಿಬ್ಬದ ನೆತ್ತಿಗೆ ತಳ್ಳುತ್ತಿತ್ತು, ಮರಳು ಆಚೆ ಬದಿಗೆ ಜಾರಿ ಬೀಳುತ್ತಿತ್ತು. ಹಾಗೆ ಜಾರಿದ ಒಂದೊಂದು ಪದರವೇ ಆ ಓರೆ ಗೆರೆ. ಗೆರೆ ಎತ್ತ ಇಳಿದಿದೆಯೋ ಗಾಳಿ ಅತ್ತ ಬೀಸುತ್ತಿತ್ತು. 28 ಕೋಟಿ ವರ್ಷ ಹಳೆಯ ಗಾಳಿಯ ದಿಕ್ಕನ್ನು ಇವತ್ತು ನಿಂತಲ್ಲೇ ಬೆರಳು ಮಾಡಿ ತೋರಿಸಬಹುದು ಅನ್ನುವುದು ನನಗೆ ಎಷ್ಟು ಸಲ ಯೋಚಿಸಿದರೂ ಸೋಜಿಗವೇ.

ಕೆಂಪು ಬಣ್ಣ ಮರಳಿನದಲ್ಲ. ಪ್ರತಿ ಕಣದ ಸುತ್ತ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳು ಲೇಪ ಇದೆ. ಗೋಡೆಯ ಮೇಲಿಂದ ಇಳಿದ ಕಪ್ಪು ಪಟ್ಟೆಗಳು ಮ್ಯಾಂಗನೀಸ್, ಕಬ್ಬಿಣ ಮತ್ತು ಜೇಡಿ ಸೇರಿ ನಿಧಾನವಾಗಿ ಕೂತ ಲೇಪ.

ಈಗ ತಲೆ ಎತ್ತಿ. ಹಲವು ಬಂಡೆಗಳ ನೆತ್ತಿಯಲ್ಲಿ ಇನ್ನೂ ಎರಡು ಪದರ ಉಳಿದಿವೆ. ಕೆಳಗಿನದು ಮೋಯೆನ್‌ಕೋಪಿ. ಅದಕ್ಕೂ ಡಿ ಶೇ ಗೋಡೆಗೂ ನಡುವೆ ದೂರದಿಂದ ಬರೀ ಗೆರೆಯಂತೆ ಕಾಣುವ ಒಂದು ಸಂದು ಇದೆ. ಆ ಗೆರೆಯಲ್ಲಿ ಕೋಟಿಗಟ್ಟಲೆ ವರ್ಷ ಕಾಣೆಯಾಗಿದೆ. ಆ ಅವಧಿಯಲ್ಲಿ ಇಲ್ಲಿ ಕೂತಿದ್ದ ಕಲ್ಲು ಉಳಿದಿಲ್ಲ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಭೂಮಿ ಕಂಡ ಅತಿ ದೊಡ್ಡ ಜೀವನಾಶವೂ ಅದರೊಳಗೇ ಬರುತ್ತದೆ. ಕಡಲ ಜೀವಿಗಳ ಬಹುಪಾಲು ಪ್ರಭೇದಗಳು ಅಳಿದುಹೋದ ಕಾಲ ಅದು. ಇಲ್ಲಿ ಅದಕ್ಕೆ ಒಂದೇ ಒಂದು ಪುಟವೂ ಇಲ್ಲ.

ತೀರಾ ಮೇಲಿನದು ಶಿನಾರಂಪ್, ಹಳೆಯ ನದಿಗಳ ಮರಳು ಮತ್ತು ಜಲ್ಲಿಕಲ್ಲು. ಗಟ್ಟಿ ಇರುವುದರಿಂದ ಅದು ಕೆಳಗಿನ ಪದರಗಳನ್ನು ಮಳೆಯಿಂದ ಕಾಯುತ್ತದೆ. ಅದೇ ನದಿಪಾತ್ರಗಳಲ್ಲಿ ಯುರೇನಿಯಂ ಕೂಡ ಕೂತಿತ್ತು. ನವಾಹೋ ನೆಲದಲ್ಲಿ 1944ರಿಂದ 1986ರವರೆಗೆ ಗಣಿಗಾರಿಕೆ ನಡೆಯಿತು. ಅಪಾಯ ಏನೆಂದು ತಿಳಿಸದೆಯೇ ನವಾಹೋ ಗಂಡಸರನ್ನು ಸುರಂಗಕ್ಕೆ ಇಳಿಸಿದರು. ಎಷ್ಟೋ ಜನ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತರು. ಗಣಿ ಕಾರ್ಮಿಕರಿಗೆ ಪರಿಹಾರ ಕೊಡುವ ಕಾನೂನನ್ನು ಅಮೆರಿಕ ಸರ್ಕಾರ ತಂದಿದ್ದು 1990ರಲ್ಲಿ. ಹಾಗೇ ಬಿಟ್ಟುಹೋದ 500ಕ್ಕೂ ಹೆಚ್ಚು ಗಣಿಗಳು ನವಾಹೋ ನೆಲದಲ್ಲಿವೆ. ಅವನ್ನು ಶುಚಿ ಮಾಡುವ ಕೆಲಸ ಇನ್ನೂ ಮುಗಿದಿಲ್ಲ.