ಸಿಟ್ಟು ನುಂಗುದು ಲೀಡರ್‌ಶಿಪ್ ಅಲ್ಲ

ಮುಂಬೈಯಲ್ಲಿ ನಮ್ಮೂರವರ ಹೋಟೆಲುಗಳ ಮಧ್ಯಾಹ್ನದ ರಶ್ ನೋಡಿದವರಿಗೆ ಗೊತ್ತಿರ್ತದೆ, ಫೋರ್ಟಿನ ಆಫೀಸುಗಳವರೆಲ್ಲ ಒಂದೇ ಸಲ ಊಟಕ್ಕೆ ನುಗ್ಗುವ ಆ ಹೊತ್ತಲ್ಲಿ ಗಲ್ಲಾದಲ್ಲಿ ಕೂತವರ ಮೂಡ್ ಹೇಗುಂಟು ಅಂತ ತಿಳಿಲಿಕ್ಕೆ ಅವರ ಮುಖ ನೋಡ್ಬೇಕಂತಿಲ್ಲ, ಸಪ್ಲೈಯರ್ ಹುಡುಗ ತಟ್ಟೆ ಇಡುವ ಶಬ್ದ ಕೇಳಿದ್ರೆ ಸಾಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಇಲ್ಲಿ ಅದು ಇನ್ನೂ ಕೆಳಗೆ ಇಳೀತದೆ. ಸೇಠ್ ಫೋನಲ್ಲಿ ಮ್ಯಾನೇಜರಿಗೆ ಬೈದ್ರು, ಮ್ಯಾನೇಜರ್ ಕ್ಯಾಪ್ಟನ್‌ಗೆ, ಕ್ಯಾಪ್ಟನ್ ಸಪ್ಲೈಯರ್‌ಗೆ, ಕೊನೆಗೆ ಅದು ಹೋಗಿ ಬೀಳುದು ಒಳಗೆ ಪಾತ್ರೆ ತೊಳೆಯುವ ಹುಡುಗನ ತಲೆ ಮೇಲೆ.

ಇದನ್ನು ಅಳತೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಸಿಗಾಲ್ ಬಾರ್ಸೇಡ್ ಅನ್ನುವ ಸಂಶೋಧಕಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಸಿನೆಸ್ ಓದುವ ಹುಡುಗ ಹುಡುಗಿಯರನ್ನು ಸಣ್ಣ ಸಣ್ಣ ಗುಂಪು ಮಾಡಿ ಯಾರಿಗೆ ಎಷ್ಟು ಬೋನಸ್ ಕೊಡ್ಬೇಕು ಅಂತ ಚರ್ಚೆ ಮಾಡಿಸಿದ್ರು, ಪ್ರತಿ ಗುಂಪಲ್ಲೂ ಒಬ್ಬ ನಟನನ್ನು ಗೊತ್ತಾಗದ ಹಾಗೆ ಸೇರಿಸಿದ್ರು, ಅವನು ಒಂದು ಗುಂಪಲ್ಲಿ ಖುಷಿಯಾಗಿ, ಇನ್ನೊಂದರಲ್ಲಿ ಕಿರಿಕಿರಿ ಮಾಡ್ತಾ ಕೂರುದು. ಅವನ ಮೂಡು ಉಳಿದವರಿಗೂ ಹತ್ತಿತು. ಖುಷಿ ಹತ್ತಿದ ಗುಂಪುಗಳಲ್ಲಿ ಜಗಳ ಕಡಿಮೆ, ಹೊಂದಾಣಿಕೆ ಜಾಸ್ತಿ. ಅಲ್ಲಿ ಅವನು ಬಾಸ್ ಕೂಡ ಅಲ್ಲ, ಬರೀ ಒಬ್ಬ ಮೆಂಬರ್. ಸಂಬಳ ಕೊಡುವವರ ಮುಖವನ್ನು ಜನ ಎಷ್ಟು ಗಮನ ಇಟ್ಟು ನೋಡ್ತಾರೆ ಅಂತ ನೀವೇ ಯೋಚನೆ ಮಾಡಿ.

ಹಾಗಾದ್ರೆ ಬಾಸ್ ಆದವರು ಸಿಟ್ಟನ್ನು ನುಂಗ್ಕೊಂಡು ಸುಮ್ಮನಿರ್ಬೇಕಾ? ನಮ್ಮಲ್ಲಿ ಅದಕ್ಕೇ ಮರ್ಯಾದೆ, "ಎಂಥ ತಾಳ್ಮೆ ಮಾರಾಯ್ರೆ, ಒಂದು ಮಾತು ಆಡ್ಲಿಲ್ಲ" ಅಂತೇವೆ. ನಂಗೆ ಇದು ಪೂರ್ತಿ ತಪ್ಪು ಅನಿಸ್ತದೆ, ಅದಕ್ಕೆ ಕಾರಣ ಎಮಿಲಿ ಬಟ್ಲರ್, ಜೇಮ್ಸ್ ಗ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯವರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಪರಿಚಯ ಇಲ್ಲದ ಇಬ್ಬಿಬ್ಬರು ಹೆಂಗಸರಿಗೆ ಮನಸ್ಸು ಕದಡುವ ಒಂದು ಫಿಲ್ಮ್ ತೋರಿಸಿ ಅದರ ಬಗ್ಗೆ ಮಾತಾಡಿ ಅಂದ್ರು, ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಗುಟ್ಟಾಗಿ, ನಿಮ್ಮ ಭಾವನೆ ಮುಖದಲ್ಲಿ ಕಾಣದ ಹಾಗೆ ನೋಡ್ಕೊಳ್ಳಿ ಅಂತ ಹೇಳಿದ್ರು. ಎದುರಿಗೆ ಕೂತವರಿಗೆ ಈ ಗುಟ್ಟು ಗೊತ್ತೇ ಇಲ್ಲ, ಆದ್ರೂ ಅವರ ಬಿಪಿ ಏರಿತು! ನುಂಗಿದ್ದು ಒಬ್ಬರು, ರಕ್ತದೊತ್ತಡ ಏರಿದ್ದು ಇನ್ನೊಬ್ಬರಿಗೂ. ಇಂಥವರ ಜೊತೆ ಸ್ನೇಹ ಬೆಳೆಸುವ ಮನಸ್ಸೂ ಅವರಿಗೆ ಕಮ್ಮಿಯೇ ಇತ್ತು. ಕಲ್ಲಿನ ಮುಖ ಮಾಡ್ಕೊಂಡು ಗಲ್ಲಾದಲ್ಲಿ ಕೂತವರು ತಾನು ಯಾರಿಗೂ ತೊಂದ್ರೆ ಕೊಡ್ತಾ ಇಲ್ಲ ಅಂದ್ಕೊಂಡಿರ್ತಾರೆ, ಹುಡುಗರಿಗೆ ಮಾತ್ರ ಇವತ್ತು ಏನೋ ಸರಿ ಇಲ್ಲ ಅಂತ ಎದೆ ಹೊಡ್ಕೊಳ್ತಾ ಇರ್ತದೆ.

1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಇಮೋಷನಲ್ ಇಂಟೆಲಿಜೆನ್ಸ್ ಅಂತ ವಿವರಿಸಿದ್ದು ಈ ನುಂಗುವಿಕೆಯನ್ನಲ್ಲ. ತನ್ನದೂ ಬೇರೆಯವರದ್ದೂ ಭಾವನೆ ಗುರುತಿಸುದು, ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ನೋಡುದು, ಆ ತಿಳುವಳಿಕೆ ಹಿಡ್ಕೊಂಡು ಮುಂದೆ ಏನು ಮಾಡ್ಬೇಕು ಅಂತ ತೀರ್ಮಾನ ಮಾಡುದು. ಗುರುತಿಸುವುದಕ್ಕೇ ಒಂದು ಶಕ್ತಿ ಉಂಟು. ಮ್ಯಾಥ್ಯೂ ಲೀಬರ್‌ಮನ್ ಅವರ 2007ರ ಬ್ರೈನ್ ಸ್ಕ್ಯಾನ್ ಅಧ್ಯಯನದಲ್ಲಿ ಸಿಟ್ಟಿನ, ಹೆದರಿಕೆಯ ಮುಖಗಳ ಫೋಟೋ ತೋರಿಸಿದ್ರು. ಇದು ಸಿಟ್ಟು, ಇದು ಹೆದರಿಕೆ ಅಂತ ಸರಿಯಾದ ಪದ ಆರಿಸಿದಾಗ ಮಿದುಳಲ್ಲಿ ಅಪಾಯದ ಸೂಚನೆ ಸಿಕ್ಕಿದ ಕೂಡ್ಲೆ ಎಚ್ಚರ ಆಗುವ ಅಮಿಗ್ಡಾಲದ ಚಟುವಟಿಕೆ ತಗ್ಗಿತು, ಹಣೆ ಹಿಂದಿನ ಪ್ರಿಫ್ರಂಟಲ್ ಭಾಗದ್ದು ಜಾಸ್ತಿ ಆಯ್ತು. ಹಾಗಾಗಿ "ಗ್ಯಾಸ್ ಸಿಲಿಂಡರ್ ಬರ್ಲಿಲ್ಲ ಅಂತ ನಂಗೆ ಟೆನ್ಶನ್ ಆಗಿದೆ, ನಿಮ್ಮ ಮೇಲೆ ಸಿಟ್ಟಲ್ಲ" ಅಂತ ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ರೆ ಅವರಿಗೂ ಹಗುರ ಆದೀತು, ಹುಡುಗರೂ ತಾನೇನು ತಪ್ಪು ಮಾಡಿದೆ ಅಂತ ಹುಡುಕುದು ಬಿಟ್ಟು ಕೆಲಸ ನೋಡ್ಕೊಳ್ತಾರೆ.

1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ "ಇಮೋಷನಲ್ ಇಂಟೆಲಿಜೆನ್ಸ್" ಪುಸ್ತಕ ಬಂದ ಮೇಲೆ ಇದೇ ಎಲ್ಲದಕ್ಕೂ ಮದ್ದು ಅನ್ನುವ ಹಾಗೆ ಟ್ರೈನಿಂಗ್ ಮಾರುವವರು ತುಂಬ ಆದ್ರು, ಅದನ್ನೆಲ್ಲ ನಂಬ್ಬೇಡಿ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಡಾನಾ ಜೋಸೆಫ್, ಡ್ಯಾನಿಯಲ್ ನ್ಯೂಮನ್ 2010ರಲ್ಲಿ ನೋಡಿದಾಗ ಇದರ ಪ್ರಯೋಜನ ಹೆಚ್ಚು ಕಂಡದ್ದು ದಿನವಿಡೀ ಜನರ ಜೊತೆ ವ್ಯವಹರಿಸುವ, ಭಾವನೆ ಸಂಭಾಳಿಸ್ಬೇಕಾದ ಕೆಲಸಗಳಲ್ಲಿ. ಹೋಟೆಲ್ ಅಂಥದ್ದೇ ಕೆಲಸ, ಆಸ್ಪತ್ರೆಯೂ.

ಆಸ್ಪತ್ರೆ ಅಂದ್ರೆ, ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1996ರಲ್ಲಿ ಪ್ರಕಟಿಸಿದ್ದು ಹೇಳ್ಲೇಬೇಕು. ಒಳ್ಳೆ ಟೀಮ್ ಇರುವ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪು ಕಡಿಮೆ ಇರ್ಬಹುದು ಅಂತ ಹುಡುಕ್ಲಿಕ್ಕೆ ಹೊರಟ ಅವರಿಗೆ ಅಲ್ಲೇ ತಪ್ಪು ಜಾಸ್ತಿ ದಾಖಲಾದದ್ದು ಕಾಣಿಸಿತು. ಅವರು ಕಂಡ್ಕೊಂಡ ಕಾರಣ ಏನಂದ್ರೆ, ಅಲ್ಲಿಯ ನರ್ಸುಗಳು ಆದ ತಪ್ಪನ್ನು ಹೆದರದೆ ಹೇಳ್ತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿ ಮುಂದೆ ಮಾಲೀಕರಾದವರು ಈ ಮುಂಬೈಯಲ್ಲಿ ತುಂಬ ಇದ್ದಾರೆ, ಆ ಹೆದರಿಕೆ ಏನು ಅಂತ ಅವರಿಗೆ ಯಾರೂ ಕಲಿಸ್ಬೇಕಾಗಿಲ್ಲ, ಆದ್ರೂ ಅವರಲ್ಲೇ ಕೆಲವರು ತಾವು ತಿಂದ ಬೈಗಳನ್ನೇ ಹುಡುಗರಿಗೆ ಬಡಿಸ್ತಾರೆ, ನಂಗೆ ತುಂಬ ಬೇಜಾರಾಗುದು ಅದೇ. ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು ಅಂತ ಹುಡುಗ ಬಂದು ಹೇಳಿದಾಗ ಸಿಗುವ ಮೊದಲ ಉತ್ತರ ಎಂಥದ್ದು ಅನ್ನುದರ ಮೇಲೆ ನಿಂತಿದೆ, ಮುಂದಿನ ಸಲ ಅವನು ಬಂದು ಹೇಳ್ತಾನಾ, ಇಲ್ಲ ಗಿರಾಕಿ ಬಾಯಿಂದಲೇ ಕೇಳ್ಬೇಕಾ ಅನ್ನುದು.