ನೂರು ಮೀಟರ್‌ನಲ್ಲಿ ಮೊದಲು, ಖೋ ಖೋದಲ್ಲಿ ಮೊದಲೇ ಔಟ್

ತುಮಕೂರಿನ ಸುತ್ತಮುತ್ತಲ ಶಾಲೆಗಳಲ್ಲಿ ಖೋ ಖೋ ಕಲಿಸುವಾಗ ಪಿಟಿ ಮೇಷ್ಟ್ರುಗಳು ಪದೇ ಪದೇ ಕೇಳುತ್ತಾರೆ: 'ಸರ್, ಈ ಹುಡುಗಿ ತಾಲ್ಲೂಕಿಗೇ ನೂರು ಮೀಟರ್ ಗೆದ್ದವಳು. ಖೋ ಖೋದಲ್ಲಿ ಒಂದು ನಿಮಿಷ ನಿಲ್ಲಲ್ಲ. ಯಾಕೆ?'

ಖೋ ಖೋ ಅಂಕಣವನ್ನೊಮ್ಮೆ ನೋಡಿ. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಬರುವವಳು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ನಡುವಿನ ಸಾಲನ್ನೂ ದಾಟುವಂತಿಲ್ಲ. ಓಡುವವಳಿಗೆ ಆ ಕಟ್ಟುಪಾಡಿಲ್ಲ, ಕೂತವರ ನಡುವೆ ನುಸುಳಬಹುದು. ನೇರ ಓಟದ ವೇಗ ಇಲ್ಲಿ ಎರಡು ಹೆಜ್ಜೆಗೇ ಮುಗಿಯುತ್ತದೆ. ಗಕ್ಕನೆ ನಿಂತು, ತಿರುಗಿ, ಮತ್ತೆ ಚಿಮ್ಮಬೇಕು. ಇದೇ ಚುರುಕುತನ.

ಕೌಶಲಕ್ಕೆ ಬೇಕಾದ ದೈಹಿಕ ಅಂಶಗಳು ಆರು ಎನ್ನುತ್ತಾರೆ: ಚುರುಕುತನ, ಸಮತೋಲನ, ಕಣ್ಣು-ಕೈ-ಕಾಲುಗಳ ಹೊಂದಾಣಿಕೆ, ಪವರ್ (ಬಲವನ್ನು ಒಂದೇ ಕ್ಷಣದಲ್ಲಿ ಹಾಕಿ ಚಿಮ್ಮುವ ಶಕ್ತಿ), ವೇಗ, ಪ್ರತಿಕ್ರಿಯೆಯ ಸಮಯ. ದಮ್ಮು, ಸ್ನಾಯುಬಲ, ಮೈ ಬಾಗುವಿಕೆ ಆರೋಗ್ಯದ ಪಟ್ಟಿಗೆ ಸೇರುತ್ತವೆ. ಅವೂ ಬೇಕು. ಆದರೆ ನಮ್ಮ ಮೈದಾನಗಳಲ್ಲಿ ಅವನ್ನಷ್ಟೇ ಬೆಳೆಸುತ್ತಿದ್ದೇವೆ.

ಪ್ರತಿಕ್ರಿಯೆಯ ಸಮಯ ಅಳೆಯೋಕೆ ಒಂದು ಸ್ಕೇಲ್ ಸಾಕು. ಮಗುವಿನ ಹೆಬ್ಬೆರಳು, ತೋರುಬೆರಳಿನ ನಡುವೆ ಸೊನ್ನೆಯ ಗುರುತು ಬರುವ ಹಾಗೆ ಹಿಡಿದು, ಹೇಳದೆ ಕೈಬಿಡಿ. 20 ಸೆಂಟಿಮೀಟರ್‌ನಲ್ಲಿ ಹಿಡಿದರೆ ಸುಮಾರು 0.20 ಸೆಕೆಂಡ್. 15ರಲ್ಲಿ ಹಿಡಿದರೆ ಸುಮಾರು 0.17. ಇದು ಕಣ್ಣಿನ ಲೆಕ್ಕ. ಸದ್ದಿಗೆ ಮೈ ಇನ್ನೂ ಬೇಗ ಏಳುತ್ತದೆ. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡ್ ಓಡಿದ ಉಸೇನ್ ಬೋಲ್ಟ್ ಗುಂಡಿನ ಸದ್ದಿಗೆ ಎದ್ದದ್ದು 0.146 ಸೆಕೆಂಡ್‌ನಲ್ಲಿ. ಖೋ ಖೋದಲ್ಲಿ ಕೂತವಳಿಗೂ ಹಾಗೇ, ಬೆನ್ನ ಹಿಂದಿನಿಂದ ಬರುವ 'ಖೋ' ಕಾಣುವುದಿಲ್ಲ, ಕೇಳುತ್ತದೆ ಅಲ್ವಾ? ಅವಳ ಅಭ್ಯಾಸವೂ ಹಿಂದಿನಿಂದ ಕೂಗಿಯೇ ನಡೆಯಬೇಕು.

ಈಗ ನಾವು ಮಾಡುವ ತಪ್ಪು. ಬೆಳಿಗ್ಗೆ ಬಂದ ಕೂಡಲೇ ಹತ್ತು ರೌಂಡ್ ಓಡಿಸಿ, ಮಕ್ಕಳು ಸುಸ್ತಾದ ಮೇಲೆ ಕೋನ್ ಇಟ್ಟು ಅಂಕುಡೊಂಕು ಓಡಿಸುತ್ತೇವೆ. ನಾನೂ ಹಲವು ವರ್ಷ ಹಾಗೇ ಮಾಡಿಸಿದೆ. ದಣಿದ ಮಗು ಮೈ ಬಗ್ಗಿಸುವುದಿಲ್ಲ, ಉದ್ದ ಹೆಜ್ಜೆ ಹಾಕಿ ನಿಧಾನ ತಿರುಗುತ್ತದೆ. ಅದೇ ರೂಢಿಯಾಗುತ್ತದೆ. ಇನ್ನೊಂದು, ಕೋನ್ ಅಲ್ಲಾಡದೆ ನಿಂತಿರುತ್ತದೆ. ನಾಲ್ಕು ದಿನಕ್ಕೆ ದಾರಿ ಬಾಯಿಪಾಠ. ಆಟದಲ್ಲಿ ಯಾವ ಕಡೆ ತಿರುಗಬೇಕೆಂದು ಎದುರಾಳಿಯ ಹೆಗಲು ನೋಡಿ ಆ ಕ್ಷಣವೇ ತೀರ್ಮಾನಿಸಬೇಕು.

ಅದಕ್ಕೇ ಈಗ ವಾರ್ಮ್‌ಅಪ್ ಆದ ತಕ್ಷಣ ಚುರುಕುತನದ ಅಭ್ಯಾಸ ಶುರು ಮಾಡಿಸುತ್ತೇನೆ. ಎದುರಿಗೆ ಒಬ್ಬಳು ನಿಂತು ಎಡಕ್ಕೋ ಬಲಕ್ಕೋ ಹೆಜ್ಜೆ ಇಡುತ್ತಾಳೆ, ಇವಳು ಅದನ್ನು ನೋಡಿ ಉಲ್ಟಾ ದಿಕ್ಕಿಗೆ ಹಾರಬೇಕು. ತಿರುಗುವ ಮುಂಚೆ ಸೊಂಟ ಇಳಿಸಿ, ಎರಡು ಮೂರು ಸಣ್ಣ ಹೆಜ್ಜೆ. ಐದಾರು ಸೆಕೆಂಡ್ ಓಟ, ಒಂದು ನಿಮಿಷ ಪೂರ್ತಿ ವಿಶ್ರಾಂತಿ, ಎಂಟು ಸಲ. ಸುಮ್ನೆ ನಿಂತಿದ್ದಾರೆ ಅಂತ ನೋಡುವವರಿಗೆ ಅನಿಸಬಹುದು, ಆ ಒಂದು ನಿಮಿಷ ಮಾತ್ರ ಕಡಿಮೆ ಮಾಡಬೇಡಿ. ರೌಂಡ್‌ಗಳನ್ನು ಕೊನೆಗೆ ಓಡಿಸಿ. ಮೈದಾನ ಒಣಗಿ ಧೂಳೆದ್ದಿದ್ದರೆ ಮೊದಲು ನೀರು ಚಿಮುಕಿಸಿ. ಕಾಲು ಜಾರುತ್ತದೆಂಬ ಭಯ ಇರುವ ತನಕ ಯಾವ ಹುಡುಗಿಯೂ ಗಕ್ಕನೆ ತಿರುಗುವುದಿಲ್ಲ.